ಕಟ್ಟು, ಬಿಚ್ಚು, ಬರೆ: ಗಡಿನಾಡಿನ ಮಗು ಮತ್ತು ಸ್ಥಾನಬೆಲೆ

(ಹುಲಜಂತಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿ ಉಪನ್ಯಾಸವೆಂದರೆ ವಚನ, ಶಾಸನ, ಗಡಿಯ ಪ್ರಶ್ನೆ ಇಂಥ ದೊಡ್ಡ ವಿಷಯ ಇರಬೇಕೆಂಬುದು ರೂಢಿ. ನಾನು ಆರಿಸಿಕೊಂಡದ್ದು ಎರಡನೆಯ, ಮೂರನೆಯ ಇಯತ್ತೆಯ ಪಾಟಿಯ ಮೇಲೆ ದಿನವೂ ಕಾಣುವ ಒಂದು ತಪ್ಪನ್ನು. ಮಾಳಿಂಗರಾಯನ ಈ ಊರಿನಲ್ಲಿ ದೀಪಾವಳಿಯ ಜಾತ್ರೆಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ, ಡೊಳ್ಳಿನ ಪದ ಕನ್ನಡದಲ್ಲಿ ಕೇಳುತ್ತದೆ, ಅಂಗಡಿಯ ವ್ಯಾಪಾರ ಮರಾಠಿಯಲ್ಲಿ ನಡೆಯುತ್ತದೆ. ಎರಡು ನುಡಿಗಳ ನಡುವೆ ಬೆಳೆಯುವ ಮಗು ಲೆಕ್ಕದಲ್ಲಿ ಎಲ್ಲಿ ಎಡವುತ್ತದೆ, ಅದನ್ನು ಹೇಗೆ ಎತ್ತಬೇಕು ಎಂದು ಮಾತಾಡಲು ಇದಕ್ಕಿಂತ ತಕ್ಕ ಊರು ಬೇರೆ ಇರಲಾರದು.

ಮಗುವಿಗೆ ‘ನೂರ ಐದು ಬರಿ’ ಎನ್ನಿ. ಪಾಟಿಯ ಮೇಲೆ 1005 ಮೂಡುತ್ತದೆ. ‘ನೂರ ಇಪ್ಪತ್ಮೂರು’ ಎಂದರೆ 100203, ಇಲ್ಲವೆ 10023. ನಾವು ಕೆಂಪು ಗೆರೆ ಎಳೆಯುತ್ತೇವೆ, ‘ಲಕ್ಷ್ಯ ಇಲ್ಲ’ ಎನ್ನುತ್ತೇವೆ. ಆದರೆ ಲಕ್ಷ್ಯವಿಟ್ಟ ಮಗುವೇ ಹೀಗೆ ಬರೆಯುವುದು. ನೂರು ಕೇಳಿಸಿತು, 100 ಬರೆಯಿತು. ಐದು ಕೇಳಿಸಿತು, 5 ಬರೆಯಿತು. ಕಿವಿಗೆ ಬಿದ್ದದ್ದನ್ನು ಬಿದ್ದಂತೆಯೇ ಬರೆದಿದೆ. ಅದಕ್ಕೆ ತಿಳಿಯದೆ ಉಳಿದಿರುವುದು ಒಂದೇ: ಮಾತಿನಲ್ಲಿ ನೂರಕ್ಕೆ ಹೆಸರಿದೆ, ಬರಹದಲ್ಲಿ ನೂರಕ್ಕೆ ಹೆಸರಿಲ್ಲ, ಜಾಗ ಮಾತ್ರ ಇದೆ. ಆ ಜಾಗದಲ್ಲಿ ಕುಳಿತ ಒಂದು, ನೂರಾಗುತ್ತದೆ. ಯಾರೂ ಕೂರದ ಜಾಗದಲ್ಲಿ ಸೊನ್ನೆ ಕಾವಲಿರುತ್ತದೆ.

ಇದನ್ನು ಸಣ್ಣ ಮಾತೆಂದು ತಿಳಿಯಬಾರದು. ಇಲ್ಲಿಂದ ಪೂರ್ವಕ್ಕೆ, ಭೀಮೆಯ ಆಚೆ, ಕಾಗಿಣಾ ದಂಡೆಯ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಏಕ, ದಶ, ಶತ ಎಂದು ಆರಂಭಿಸಿ ಒಂದಕ್ಕಿಂತ ಒಂದು ಹತ್ತು ಪಟ್ಟು ದೊಡ್ಡದಾದ 24 ಸ್ಥಾನಗಳಿಗೆ ಅವನು ಹೆಸರು ಕೊಟ್ಟಿದ್ದಾನೆ. ರಾಜನ ಆಶ್ರಯದಲ್ಲಿದ್ದ ದೊಡ್ಡ ಗಣಿತಜ್ಞನೂ ಸ್ಥಾನಗಳನ್ನು ಮೊದಲು ಹೇಳಿಯೇ ಲೆಕ್ಕಕ್ಕೆ ಇಳಿಯಬೇಕಾಯಿತು. ನಿಮ್ಮ ತಾಲೂಕಿನ ಮಂಗಳವೇಢೆ ಬಿಜ್ಜಳನ ಕಾಲದ ಮಂಗಳವಾಡ. ಬಸವಣ್ಣ ಕರಣಿಕನಾಗಿ ಕಾಯಕ ಆರಂಭಿಸಿದ್ದು ಅಲ್ಲಿಯೇ ಎಂದು ಹರಿಹರನ ರಗಳೆ ಹೇಳುತ್ತದೆ. ಲೆಕ್ಕದ ಶಿಸ್ತಿಗೆ ಈ ಸೀಮೆ ಕೊಟ್ಟ ಗೌರವ ಹಳೆಯದು.

ಹತ್ತು ಹತ್ತಾಗಿ ಎಣಿಸುವುದು ಹುಟ್ಟಿನಿಂದ ಬಂದದ್ದೂ ಅಲ್ಲ. 1957ರ ಏಪ್ರಿಲ್ 1ಕ್ಕೆ ಮೊದಲು ನಮ್ಮ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಮಣಕ್ಕೆ ನಲವತ್ತು ಸೇರು. ನಮ್ಮ ಅಜ್ಜಂದಿರು ಹದಿನಾರರ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರು. ಹತ್ತಾದೊಡನೆ ಒಂದು ಕಟ್ಟು ಎಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. ಒಪ್ಪಂದವನ್ನು ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ, ಅದರೊಳಗೆ ಮಗುವನ್ನು ಸೇರಿಸಿಕೊಳ್ಳಬೇಕು.

ಮಗುವಿಗೆ ತಿಳಿದಿದೆಯೋ ಇಲ್ಲವೋ ಎಂದು ಕಂಡುಹಿಡಿಯಲು ಒಂದು ಸುಲಭ ಪರೀಕ್ಷೆಯಿದೆ. ಅಮೆರಿಕದ ಶಿಕ್ಷಣತಜ್ಞೆ ಕಾನ್‌ಸ್ಟನ್ಸ್ ಕಮೀ ಅದನ್ನು ಪ್ರಸಿದ್ಧಿಗೆ ತಂದರು. ಮಗುವಿನ ಮುಂದೆ ಹದಿನಾರು ಹುಣಸೆ ಬೀಜ ಇಡಿ. ಎಣಿಸಿ, ಕಾಗದದ ಮೇಲೆ 16 ಎಂದು ಬರೆಯಲಿ. ಆರರ ಮೇಲೆ ಬೆರಳಿಟ್ಟು, ‘ಇದು ಅಂದ್ರ ಎಷ್ಟು ಬೀಜ, ತೋರಸವ್ವಾ’ ಎನ್ನಿ. ಆರು ಬೀಜ ತೋರಿಸುತ್ತದೆ. ಒಂದರ ಮೇಲೆ ಬೆರಳಿಟ್ಟು ಅದನ್ನೇ ಕೇಳಿ. ಬಹಳ ಮಕ್ಕಳು ಒಂದೇ ಬೀಜ ತೋರಿಸುತ್ತಾರೆ. ಉಳಿದ ಒಂಬತ್ತು ಬೀಜ ಯಾವುದಕ್ಕೂ ಸೇರದೆ ನಡುವೆ ಬಿದ್ದಿರುತ್ತವೆ. ಅದೇ ಮಗು ‘ಹದಿನಾರರಲ್ಲಿ ಹತ್ತರ ಸ್ಥಾನದಲ್ಲಿ ಯಾವ ಅಂಕಿ?’ ಎಂಬ ಪ್ರಶ್ನೆಗೆ ‘ಒಂದು’ ಎಂದು ಸರಿಯಾಗಿ ಬರೆದು ಅಂಕ ಪಡೆದಿರುತ್ತದೆ. ಸ್ಥಾನದ ಹೆಸರು ಗೊತ್ತಿರುವುದು ಬೇರೆ, ಬೆಲೆ ಗೊತ್ತಿರುವುದು ಬೇರೆ. ನಮ್ಮ ಪ್ರಶ್ನೆಪತ್ರಿಕೆಗಳು ಹೆಚ್ಚಾಗಿ ಹೆಸರನ್ನೇ ಕೇಳುತ್ತವೆ.

ಇನ್ನು ನುಡಿಯ ಮಾತು. ಗಡಿನಾಡಿನಲ್ಲಿ ಇದನ್ನು ಬಿಟ್ಟು ಲೆಕ್ಕದ ಚರ್ಚೆ ಮುಗಿಯುವುದಿಲ್ಲ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ, ಪುಣೆಯ ಬಾಲಭಾರತಿ ಅವಕ್ಕೆ ಕನ್ನಡದಲ್ಲಿ ಪುಸ್ತಕ ಅಚ್ಚು ಹಾಕುತ್ತದೆ. ಆದರೂ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂಬ ಮಕ್ಕಳು ಸಾಕಷ್ಟಿದ್ದಾರೆ. ಅಂಥ ಮಗು ಮನೆಯಲ್ಲಿ ‘ಅರವತ್ಮೂರು’ ಎನ್ನುತ್ತದೆ, ಮೊದಲು ಅರವತ್ತು, ಆಮೇಲೆ ಮೂರು. ಬರೆಯುವುದೂ ಅದೇ ಕ್ರಮ. ಶಾಲೆಯಲ್ಲಿ ‘ತ್ರೇಸಷ್ಟ’ ಎಂದು ಕೇಳುತ್ತದೆ. ಅಲ್ಲಿ ಮೂರು ಮುಂದೆ, ಅರವತ್ತು ಹಿಂದೆ. ಕೇಳಿದ ಕ್ರಮದಲ್ಲಿ ಬರೆದರೆ 36. ‘ಎಕೋಣಪನ್ನಾಸ’ ಎಂದರೆ ಐವತ್ತಕ್ಕೆ ಒಂದು ಕಡಿಮೆ, 49. ಅದರಲ್ಲಿ ನಾಲ್ಕೂ ಕೇಳಿಸುವುದಿಲ್ಲ, ಒಂಬತ್ತೂ ಕೇಳಿಸುವುದಿಲ್ಲ.

ಮರಾಠಿಯ ಮಕ್ಕಳಿಗೂ ಇದು ಸುಲಭವಲ್ಲ ಎಂಬುದನ್ನು ಮರಾಠಿಗರೇ ಎತ್ತಿ ಆಡಿದ್ದಾರೆ. 2019ರ ಜೂನ್‌ನಲ್ಲಿ ಬಾಲಭಾರತಿಯ ಎರಡನೆಯ ಇಯತ್ತೆಯ ಗಣಿತ ಪುಸ್ತಕ 21ಕ್ಕೆ ‘ಎಕವೀಸ’ದ ಜೊತೆಗೆ ‘ವೀಸ ಎಕ’ (ಇಪ್ಪತ್ತು ಒಂದು) ಎಂಬ ಓದನ್ನೂ ತಂದಿತು. ವಿಧಾನಸಭೆಯಲ್ಲಿ ಗದ್ದಲವಾಯಿತು, ಮುಖ್ಯಮಂತ್ರಿ ಫಡಣವೀಸರ ಹೆಸರನ್ನು ಇನ್ನು ಹೇಗೆ ಓದಬೇಕು ಎಂಬ ನಗೆಚಾಟಿಕೆಯೂ ಹರಿಯಿತು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದ ಮಂಗಲಾ ನಾರ್ಳಿಕರ್ ಸಮಾಧಾನದಿಂದ ಉತ್ತರಿಸಿದರು: ಜೋಡಕ್ಷರದ ಕಠಿಣ ಹೆಸರುಗಳಿಗೆ ಅಂಜಿ ಮಗು ಗಣಿತದಿಂದಲೇ ದೂರವಾಗಬಾರದು, ದಕ್ಷಿಣದ ಭಾಷೆಗಳಲ್ಲಿ ಎಣಿಕೆ ಹೀಗೆಯೇ ಇದೆ ಎಂಬುದು ಅವರ ವಾದದ ತಿರುಳು. ನಾರ್ವೆ ದೇಶ 1951ರಲ್ಲಿ ಸಂಸತ್ತಿನ ತೀರ್ಮಾನದಿಂದಲೇ ‘ಒಂದು ಮತ್ತು ಇಪ್ಪತ್ತು’ ಎಂಬ ಹಳೆಯ ಕ್ರಮ ಬಿಟ್ಟು ‘ಇಪ್ಪತ್ತೊಂದು’ ಎಂಬ ಕ್ರಮಕ್ಕೆ ಬಂತು. ಜರ್ಮನರು ಇಂದಿಗೂ ಬಿಡಿಯನ್ನೇ ಮೊದಲು ಹೇಳುತ್ತಾರೆ, ಅವರ ಮಕ್ಕಳೂ ಅಂಕಿ ತಿರುವಿ ಬರೆಯುತ್ತಾರೆ. ಹೀಗಿರುವಾಗ ಮರಾಠಿಯ ಹೆಸರುಗಳನ್ನು ತಪ್ಪೆನ್ನುವ ಅಗತ್ಯ ನಮಗಿಲ್ಲ. ಅವನ್ನು ಮಗು ಕಲಿಯಲೇಬೇಕು, ಮಂಗಳವೇಢೆಯ ಪೇಟೆಯಲ್ಲಿ ಅವು ಬೇಕು. ಆದರೆ ಕನ್ನಡದ ಎಣಿಕೆ ಬಾಯಲ್ಲಿರುವ ಮಗುವಿಗೆ ‘ಇಲ್ಲಿ ಕನ್ನಡ ಬ್ಯಾಡ’ ಎಂದರೆ, ಖರ್ಚಿಲ್ಲದೆ ಮನೆಯಿಂದ ಬಂದ ಕಲಿಕಾ ಸಾಮಗ್ರಿಯನ್ನು ಬಾಗಿಲಲ್ಲೇ ಕಸಿದುಕೊಂಡ ಹಾಗೆ.

ಕನ್ನಡದ ಹೆಸರೇ ಎಲ್ಲವನ್ನೂ ಕಲಿಸುತ್ತದೆಂದು ಬೀಗುವುದೂ ಬೇಡ. ಹನ್ನೆರಡನ್ನು ‘ಹತ್ತು ಎರಡು’ ಎನ್ನುವ ಚೀನಿ, ಜಪಾನಿ, ಕೊರಿಯನ್ ನುಡಿಗಳ ಮಕ್ಕಳು ಹತ್ತರ ಕಟ್ಟನ್ನು ತಾವಾಗಿಯೇ ಹೆಚ್ಚು ಬಳಸುತ್ತಾರೆಂದು ಐರೀನ್ ಮಿಯುರಾ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ, ನಿಜ. ಆದರೆ 1005 ಬರೆಯುವುದು ಕನ್ನಡದ ಮಗುವೇ ಅಲ್ಲವೆ? ನಮ್ಮ ನುಡಿ ಕ್ರಮವನ್ನು ಕೊಡುತ್ತದೆ, ಸೊನ್ನೆಯನ್ನು ಕೊಡುವುದಿಲ್ಲ. ‘ನೂರ ಐದು’ ಎಂಬಲ್ಲಿ ಹತ್ತರ ಸುಳಿವೇ ಇಲ್ಲ. ಹತ್ತು ಕಡ್ಡಿಯ ಕಟ್ಟು ಗಾತ್ರವನ್ನು ಕೊಡುತ್ತದೆ, ಜಾಗವನ್ನು ಕೊಡುವುದಿಲ್ಲ. ಮೂರು ಕಟ್ಟನ್ನು ಬಲಕ್ಕೂ ನಾಲ್ಕು ಬಿಡಿಯನ್ನು ಎಡಕ್ಕೂ ಇಟ್ಟರೆ ಆಗಲೂ ಅದು ಮೂವತ್ನಾಲ್ಕೇ. ಬಿಡಿ, ಹತ್ತು, ನೂರರ ಮನೆ ಗೀಚಿದ ಪಾಟಿ ಜಾಗವನ್ನು ಕೊಡುತ್ತದೆ, ಆದರೆ ಗಾತ್ರವನ್ನು ಮರೆಸುತ್ತದೆ. ಬಾಯಿ, ಕೈ, ಪಾಟಿ ಮೂರರಲ್ಲೂ ಒಂದೊಂದು ಕೊರತೆಯಿದೆ. ಮೂರೂ ಒಂದೇ ಹೊತ್ತಿಗೆ ಕೂಡಿ ಕೆಲಸ ಮಾಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇಂದು ನಾನು ಹೇಳಬೇಕೆಂದು ಬಂದದ್ದು ಇಷ್ಟೇ, ಉಳಿದದ್ದು ಇದರ ವಿವರ.

ಸಾಮಗ್ರಿಗೆ ನೀವು ಎಲ್ಲಿಗೂ ಹೋಗಬೇಕಿಲ್ಲ. ಜೋಳ ರಾಶಿಯಾದ ಮೇಲೆ ಕಣಿಕೆಯನ್ನು ಸೂಡು ಕಟ್ಟುತ್ತೀರಿ, ನೂರು ಸೂಡಿಗೆ ಇಷ್ಟೆಂದು ದರ ಆಡುತ್ತೀರಿ. ಮಗು ಇದನ್ನೆಲ್ಲ ನೋಡಿ ಬಲ್ಲದು. ಕಣಿಕೆಯ ಸಿಬರು ಕೈಗೆ ಚುಚ್ಚುವುದರಿಂದ ತರಗತಿಗೆ ಕಸಬರಿಗೆಯ ಕಡ್ಡಿ ಮೇಲು. ಒಂದೇ ಅಳತೆಗೆ ಕತ್ತರಿಸಿದ ಕಡ್ಡಿ, ರಬ್ಬರ್ ಬ್ಯಾಂಡು ಇಲ್ಲವೆ ಸುತಳಿ, ಹುಣಸೆ ಬೀಜ, ಹಳೆಯ ರಟ್ಟು ಇಷ್ಟು ಸಾಕು.

ಮೊದಲ ಹೆಜ್ಜೆ ಕಟ್ಟುವುದು. ಇಬ್ಬರು ಮಕ್ಕಳಿಗೆ ಒಂದು ಹಿಡಿ ಕಡ್ಡಿ ಕೊಡಿ. ಎಷ್ಟಿರಬಹುದೆಂದು ಮೊದಲು ಊಹೆ ಹೇಳಲಿ. ಆಮೇಲೆ ಹತ್ತು ಹತ್ತು ಎಣಿಸಿ ಕಟ್ಟಲಿ, ಒಬ್ಬರ ಕಟ್ಟನ್ನು ಇನ್ನೊಬ್ಬರು ಎಣಿಸಿ ನೋಡಲಿ. ಕಟ್ಟುವ ಕೆಲಸ ಮಗುವಿನದೇ ಆಗಬೇಕು. ಗುರುಗಳು ರಾತ್ರಿ ಕೂತು ಕಟ್ಟಿ ತಂದ ಕಟ್ಟು ಹಿಂದುಳಿದ ಮಗುವಿಗೆ ಒಂದು ದಪ್ಪ ಕಡ್ಡಿಯಷ್ಟೇ. ಅದರೊಳಗೆ ಹತ್ತು ಇವೆ ಎಂಬ ನಂಬಿಕೆ ಅದಕ್ಕೆ ಬಂದಿರುವುದಿಲ್ಲ. ಕಟ್ಟಿದ ಮೇಲೆ ಮೂರು ಪ್ರಶ್ನೆ: ಎಷ್ಟು ಕಟ್ಟು? ಎಷ್ಟು ಬಿಡಿ? ಕೂಡಿ ಎಷ್ಟು? ಮೂರನೆಯ ಪ್ರಶ್ನೆಯನ್ನು ನಾವು ಬಹಳ ಸಲ ಬಿಟ್ಟುಬಿಡುತ್ತೇವೆ. ‘ನಾಲ್ಕು ಕಟ್ಟು, ಮೂರು ಬಿಡಿ’ ಎಂದ ಮಗುವಿಗೆ ಅದು ನಲವತ್ಮೂರು ಎಂದು ಹೊಳೆದಿದೆಯೆಂದು ಹೇಳಲಾಗದು. ಕೇಳಿದರೆ ಕಟ್ಟನ್ನೆಲ್ಲ ಬಿಚ್ಚಿ ಒಂದರಿಂದ ಎಣಿಸಲು ಹೊರಡಬಹುದು. ಎಣಿಸಲಿ, ತಡೆಯಬೇಡಿ. ಎಣಿಸಿ ಮುಗಿಸಿದ ಮೇಲೆ ಮತ್ತೆ ಕಟ್ಟಿಸಿ, ‘ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ನಲವತ್ತೊಂದು’ ಎಂದು ಜೊತೆಗೂಡಿ ಎಣಿಸಿ. ಎರಡೂ ದಾರಿ ಒಂದೇ ಉತ್ತರಕ್ಕೆ ಮುಟ್ಟುತ್ತವೆ ಎಂಬುದನ್ನು ಅದರ ಕೈಯೇ ಅದಕ್ಕೆ ಹೇಳಬೇಕು.

ಎರಡನೆಯ ಹೆಜ್ಜೆ ಮನೆಗಳು. ಗೋಡೆಗೆ ಮೂರು ಚೀಲ ಹೊಲಿದ ಬಟ್ಟೆ ತೂಗಿಹಾಕಿ. ಬಲದಿಂದ ಬಿಡಿ, ಹತ್ತು, ನೂರು. ಶಾಲೆ ನಡೆದ ಪ್ರತಿ ದಿನ ಪ್ರಾರ್ಥನೆ ಮುಗಿದ ಮೇಲೆ ಒಂದು ಮಗು ಬಿಡಿಯ ಚೀಲಕ್ಕೆ ಒಂದು ಕಡ್ಡಿ ಹಾಕಲಿ, ಕೆಳಗೆ ಅಂಕಿ ಬರೆಯಲಿ, ಬಾಯಲ್ಲಿ ಹೇಳಲಿ. ಹತ್ತನೆಯ ದಿನ ಕಡ್ಡಿಗಳು ಕಟ್ಟಾಗಿ ಎಡದ ಚೀಲಕ್ಕೆ ಹೋಗುತ್ತವೆ, ಬಿಡಿಯ ಚೀಲ ಬರಿದಾಗುತ್ತದೆ. ಬರಿದಾದುದಕ್ಕೆ ಏನು ಬರೆಯುವುದು? ಸೊನ್ನೆ ಅಲ್ಲಿ ಬೇಕಾಗಿ ಬರುತ್ತದೆ, ಯಾರೂ ಹೇರಬೇಕಿಲ್ಲ. ನೂರನೆಯ ದಿನ ಹತ್ತು ಕಟ್ಟು ಸೇರಿ ದೊಡ್ಡ ಕಟ್ಟಾಗುತ್ತದೆ, ಎರಡು ಚೀಲ ಬರಿದು. ನೂರ ಐದನೆಯ ದಿನ ಬಂದಾಗ ದೊಡ್ಡ ಕಟ್ಟು ಒಂದು, ನಡುವೆ ಬರಿದು ಚೀಲ, ಬಲಕ್ಕೆ ಐದು ಕಡ್ಡಿ. ಆಗ ಬರೆಯುವುದು 105. ಅದರ ಪಕ್ಕದಲ್ಲಿ 1005 ಬರೆದು ‘ಇದಕ್ಕ ಎಷ್ಟು ಚೀಲ ಬೇಕು?’ ಎಂದರೆ ತರಗತಿಯೇ ಉತ್ತರ ಕೊಡುತ್ತದೆ. ಮರಾಠಿ ಮಾಧ್ಯಮದ ಶಾಲೆಯಾದರೆ ಈ ದಿನಚರಿಯಲ್ಲಿ ಎರಡೂ ಹೆಸರು ಹೇಳಿಸಿ, ‘ಅರವತ್ಮೂರು, ತ್ರೇಸಷ್ಟ’ ಎಂದು. ಕಣ್ಣೆದುರಿಗೆ ಆರು ಕಟ್ಟು, ಮೂರು ಕಡ್ಡಿ ಇರುವಾಗ ತಿರುವು ಹೆಸರಿಗೆ ಅಂಜಿಕೆ ಉಳಿಯುವುದಿಲ್ಲ.

ಮೂರನೆಯದು ಬಿಚ್ಚುವುದು. 52ರಲ್ಲಿ 37 ಕಳೆ ಎಂದರೆ ಪಾಟಿಯ ಮೇಲೆ 25 ಬರುವುದು ಎಲ್ಲ ಗುರುಗಳಿಗೂ ಗೊತ್ತು. ಎರಡರಲ್ಲಿ ಏಳು ಹೋಗದು, ಆದ್ದರಿಂದ ಮಗು ಏಳರಲ್ಲಿ ಎರಡು ಕಳೆದುಬಿಡುತ್ತದೆ. ‘ಪಕ್ಕದ ಮನೆಯಿಂದ ಕಡ ತಗೋ’ ಎಂದು ನಾವು ಕಲಿಸುತ್ತೇವೆ. ಒಂದನ್ನು ಕಡ ತಂದರೆ ಅದು ಹತ್ತು ಹೇಗಾಯಿತು, ತೀರಿಸುವುದು ಯಾವಾಗ ಎಂದು ಮಗು ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೇ. ಐದು ಕಟ್ಟು, ಎರಡು ಕಡ್ಡಿ ಕೈಗೆ ಕೊಟ್ಟು ‘ನನಗ ಮೂವತ್ತೇಳು ಕೊಡು’ ಎನ್ನಿ. ಮೂರು ಕಟ್ಟು ಕೊಡುತ್ತದೆ, ಬಿಡಿ ಏಳು ಕೊಡಲು ಹೋಗಿ ಕೈ ತಡೆಯುತ್ತದೆ. ಅಲ್ಲಿ ಸುಮ್ಮನಿರಬೇಕು. ಸ್ವಲ್ಪ ಹೊತ್ತಿಗೆ ಅದೇ ಒಂದು ಕಟ್ಟನ್ನು ಬಿಚ್ಚುತ್ತದೆ. ಬಿಚ್ಚಿದಾಗ ಹೊಸದಾಗಿ ಏನೂ ಬಂದಿಲ್ಲ, ಏನೂ ಹೋಗಿಲ್ಲ. ಇದನ್ನು ಕಂಡ ಮಗುವಿಗೆ ದಶಕಸಹಿತ ಕಳೆಯುವ ಲೆಕ್ಕ ಮಂತ್ರವಾಗಿ ಉಳಿಯದು. ಕೈಯಲ್ಲಿ ಮಾಡಿದ ಪ್ರತಿಯೊಂದನ್ನೂ ಅದೇ ಹೊತ್ತಿಗೆ ಪಾಟಿಯ ಮೇಲೆ ಬರೆಯಿಸಿ. ಕಡ್ಡಿಯ ಪಾಠ ಇಂದು, ಪಾಟಿಯ ಲೆಕ್ಕ ನಾಳೆ ಎಂದು ಬೇರೆ ಮಾಡಿದರೆ ಎರಡರ ನಡುವಿನ ಸಂಬಂಧ ಮಗುವಿಗೆ ಕಾಣುವುದೇ ಇಲ್ಲ.

ಇಷ್ಟಾದ ಮೇಲೆ ದುಡ್ಡು. ಹತ್ತರ ನೋಟು ಒಂದು ರೂಪಾಯಿಯ ನಾಣ್ಯದ ಹತ್ತರಷ್ಟು ದೊಡ್ಡದಲ್ಲ, ಅದರ ಬೆಲೆ ಒಪ್ಪಂದದ್ದು. ಆದ್ದರಿಂದ ಕಟ್ಟಿಗಿಂತ ಒಂದು ಮೆಟ್ಟಿಲು ಮೇಲಿನದು. ಹಿಂದೆ ಅಂಗಡಿಗೆ ಹೋಗಿ ಚಿಲ್ಲರೆ ತರುತ್ತಿದ್ದ ಮಕ್ಕಳು ಇದನ್ನು ಶಾಲೆಗಿಂತ ಮೊದಲೇ ಕಲಿಯುತ್ತಿದ್ದರು. ಈಗ ಫೋನು ತೋರಿಸಿದರೆ ವ್ಯಾಪಾರ ಮುಗಿಯುತ್ತದೆ, ಮಗುವಿನ ಕೈಗೆ ಚಿಲ್ಲರೆ ಬರುವುದೇ ಕಡಿಮೆಯಾಗಿದೆ. ಆಟದ ನೋಟು ಬಳಸಿ ಆ ಅನುಭವವನ್ನು ತರಗತಿಯಲ್ಲಿ ಮತ್ತೆ ಕೊಡಬೇಕಾಗಿದೆ. ಮಣಿಚೌಕಟ್ಟು ಕೊನೆಗೆ ಬರಲಿ. ಅಲ್ಲಿ ಬಿಡಿಯ ಮಣಿಯೂ ನೂರರ ಮಣಿಯೂ ಒಂದೇ ಗಾತ್ರ, ಜಾಗವೇ ಬೆಲೆ ಹೇಳುತ್ತದೆ. ಅಂಕಿಗೆ ಬಹಳ ಹತ್ತಿರದ ಸಾಮಗ್ರಿ ಅದು. ಅದನ್ನೇ ಮೊದಲು ಕೊಟ್ಟರೆ ಎಡವಿದ ಮಗು ಮತ್ತೆ ಎಡವುತ್ತದೆ.

100203 ಬರೆಯುವ ಮಗುವಿಗೆ ರಟ್ಟಿನ ಪಟ್ಟಿಗಳು ಬಹಳ ಉಪಯೋಗ. 100 ಬರೆದ ಉದ್ದ ಪಟ್ಟಿ, 20 ಬರೆದ ಅದಕ್ಕಿಂತ ಗಿಡ್ಡ ಪಟ್ಟಿ, 3 ಬರೆದ ಚಿಕ್ಕ ಪಟ್ಟಿ. ಬಲ ಅಂಚು ಕೂಡಿಸಿ ಒಂದರ ಮೇಲೊಂದು ಇಟ್ಟರೆ ಕಾಣುವುದು 123. ಎತ್ತಿದರೆ ಒಳಗಿನ ಸೊನ್ನೆಗಳು ಹಾಗೆಯೇ ಇವೆ. ಮರಿಯಾ ಮಾಂಟೆಸೊರಿ 1939ರಲ್ಲಿ ಭಾರತಕ್ಕೆ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟ ಪದ್ಧತಿಯಲ್ಲಿ ಚಿನ್ನದ ಬಣ್ಣದ ಮಣಿಗಳ ಜೊತೆಗೆ ಇಂಥ ಪಟ್ಟಿಗಳೂ ಇವೆ. ಅವರ ಮಣಿಸರಕ್ಕೆ ದುಡ್ಡು ಬೇಕು, ರಟ್ಟಿಗೆ ಬೇಡ.

ಸಾಮಗ್ರಿಯಲ್ಲೇ ಗಣಿತ ತುಂಬಿಟ್ಟಿದೆ ಎಂದು ತಿಳಿಯುವುದು ಮಾತ್ರ ಭ್ರಮೆ. ಡೆಬೊರಾ ಬಾಲ್ ಎಂಬ ಗಣಿತ ಶಿಕ್ಷಕಿ 1992ರಲ್ಲೇ ಈ ಎಚ್ಚರಿಕೆ ಕೊಟ್ಟರು: ದೊಡ್ಡವರಿಗೆ ಎಣಿಕೆಗೆಂದು ಮಾಡಿದ ಕಟ್ಟಿಗೆಯ ತುಂಡುಗಳಲ್ಲಿ ಹತ್ತು, ನೂರು ಕಾಣುವುದು ಮೊದಲೇ ಗೊತ್ತಿರುವುದರಿಂದ, ಮಗುವಿಗೆ ಅವು ಬರೀ ತುಂಡುಗಳು. ಕರ್ನಾಟಕದಲ್ಲಿ ಸರ್ಕಾರವೂ ಅಕ್ಷರ ಫೌಂಡೇಶನ್ನೂ ಕೂಡಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ ಸರ್ಕಾರಿ ಶಾಲೆಯ ನಾಲ್ಕು, ಐದನೆಯ ತರಗತಿಗಳಿಗೆ ಮಣಿಚೌಕಟ್ಟು, ಹತ್ತರ ಬಿಲ್ಲೆ, ಆಟದ ನಾಣ್ಯಗಳಿರುವ ಪೆಟ್ಟಿಗೆಯನ್ನು ಮುಟ್ಟಿಸಿತು. ಅದರ ಜೊತೆಗೆ ಶಿಕ್ಷಕರಿಗೆ ತರಬೇತಿಯನ್ನೂ ಕೊಟ್ಟದ್ದು ಅದರ ಜಾಣತನ. ಪೆಟ್ಟಿಗೆ ಕಪಾಟಿನಲ್ಲಿ ಕೀಲಿ ಹಾಕಿಕೊಂಡು ಕೂತರೆ, ಅಥವಾ ಗುರುಗಳೇ ಮುಂದೆ ನಿಂತು ತೋರಿಸಿ ಒಳಗಿಟ್ಟರೆ, ಏನೂ ಆಗದು.

ಹಿಂದುಳಿದ ಮಗು ಯಾಕೆ ಹಿಂದುಳಿಯಿತು ಎಂಬುದನ್ನೂ ನೋಡಬೇಕು. ಈ ಭಾಗದ ಕುರಿಗಾರರ ಮಕ್ಕಳು ಮಂದೆಯ ಹಿಂದೆ ಹೋಗುತ್ತಾರೆ, ಕಬ್ಬು ಕಡಿಯುವವರ ಮಕ್ಕಳು ದೀಪಾವಳಿಯ ಆಜೂಬಾಜು ಗಾಡಿ ಹತ್ತುತ್ತಾರೆ. ಜೂನ್‌ನಲ್ಲಿ ಆರಂಭವಾದ ಶಾಲೆ ಹತ್ತು, ನೂರುಗಳ ಕಡೆ ಹೊರಳುವ ಹೊತ್ತಿಗೆ ಅವರು ಊರಲ್ಲಿ ಇರುವುದಿಲ್ಲ. ಅವರಿಗೆ ಬುದ್ಧಿ ಕಡಿಮೆಯಲ್ಲ, ದಿನ ಕಡಿಮೆ. ಕೆಲವೇ ಮಕ್ಕಳಿಗೆ ಅಂಕಿಯ ಗ್ರಹಿಕೆಯಲ್ಲೇ ತೊಡಕಿರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಗುರುತಿಸಿದೆ, ಅಂಥವರನ್ನು ತಜ್ಞರಿಗೆ ತೋರಿಸಬೇಕು. ಆದರೆ ದೇಶದ ಸ್ಥಿತಿ ನೋಡಿದರೆ ಇದು ಕೆಲವರ ಸಂಕಟವಾಗಿ ಉಳಿದಿಲ್ಲ. 2024ರ ‘ಅಸರ್’ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಮೂರನೆಯ ತರಗತಿಯ ಮಕ್ಕಳಲ್ಲಿ ಕಳೆಯುವ ಲೆಕ್ಕ ಬಂದವರು ನೂರಕ್ಕೆ ಸುಮಾರು 34 ಮಂದಿ. 2021ರಲ್ಲಿ ಆರಂಭವಾದ ನಿಪುಣ ಭಾರತ ಯೋಜನೆ ಮೂರನೆಯ ತರಗತಿಗೆ 9999ರವರೆಗಿನ ಸಂಖ್ಯೆ ಬರಬೇಕೆನ್ನುತ್ತದೆ. 52ರಲ್ಲಿ ಕಟ್ಟು ಬಿಚ್ಚಲು ಬಾರದ ಮಗುವನ್ನು 9999ಕ್ಕೆ ಎಳೆದೊಯ್ದರೆ ಅದು ಅಂಕಿ ಓದಲು ಕಲಿತೀತು, ಲೆಕ್ಕ ಕಲಿಯಲಾರದು. ತರಗತಿ ಎಲ್ಲಿಯೇ ಇರಲಿ, ಆ ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಆರಂಭಿಸಬೇಕು.

ಮುಗಿಸುವ ಮೊದಲು ಮೂರು ವಿನಂತಿ. ತಾಯಂದಿರೆ, ಮನೆಯಲ್ಲಿ ಮಗುವಿನ ಕೂಡ ಕನ್ನಡದಲ್ಲೇ ಎಣಿಸಿರಿ. ರೊಟ್ಟಿ, ಬೀಜ, ನಾಣ್ಯ ಏನೇ ಇರಲಿ, ಹತ್ತಾದೊಡನೆ ಒಂದು ಗುಂಪು ಮಾಡಿಸಿರಿ. ಅದರಿಂದ ಮರಾಠಿ ಕೆಡುವುದಿಲ್ಲ. ಗುರುಗಳೆ, ನಾಲ್ಕನೆಯ ಇಯತ್ತೆಯ ಮಗು ಕಡ್ಡಿ ಹಿಡಿದರೆ ‘ಸಣ್ಣವರ ಆಟ’ ಎಂದು ನಾಚಿಸಬೇಡಿ. ಕಡ್ಡಿ ಬಿಡುವ ಹೊತ್ತನ್ನು ಮಗುವೇ ತೋರಿಸುತ್ತದೆ: ಮೊದಲು ಮುಟ್ಟದೆ ಕಣ್ಣಲ್ಲಿ ಎಣಿಸುತ್ತದೆ, ಆಮೇಲೆ ಕಟ್ಟಿಗೊಂದು ಗೀಟು, ಬಿಡಿಗೊಂದು ಚುಕ್ಕೆ ಬರೆಯುತ್ತದೆ, ಕೊನೆಗೆ ಅಂಕಿಯೊಂದೇ ಸಾಕಾಗುತ್ತದೆ. ಊರ ಹಿರಿಯರೆ, ವಲಸೆ ಹೋಗುವ ಮನೆಯ ಮಗುವಿನ ಕೈಗೆ ನೂರು ಕಡ್ಡಿ, ಹತ್ತು ರಬ್ಬರ್ ಬ್ಯಾಂಡು, ಒಂದು ರಟ್ಟಿನ ಪಟ್ಟಿಯ ಕಟ್ಟು ಇರುವ ಚೀಲ ಕೊಟ್ಟು ಕಳಿಸುವ ಏರ್ಪಾಡು ಮಾಡಿರಿ. ಈ ದತ್ತಿಯ ಬಡ್ಡಿಯಲ್ಲಿ ಒಂದು ಪಾಲು ಇದಕ್ಕೆ ಹೋದರೆ ಭಾಷಣಕ್ಕಿಂತ ಅದೇ ಹೆಚ್ಚಿನ ಸಾರ್ಥಕ.

ಕೆಲಸ ಕೈಗೂಡಿತೇ ಎಂದು ತಿಳಿಯಲು ವರ್ಷದ ಕೊನೆಗೆ ಒಂದೇ ಪ್ರಶ್ನೆ ಕೇಳಿ: 305ರಲ್ಲಿ ಎಷ್ಟು ಹತ್ತುಗಳಿವೆ? ‘ಸೊನ್ನೆ’ ಎಂದ ಮಗು ಮನೆ ನೋಡಿ ಹೇಳಿದೆ, ಅದಕ್ಕೆ ಇನ್ನೂ ಕಡ್ಡಿ ಬೇಕು. ‘ಮೂವತ್ತು, ಮ್ಯಾಲ ಐದು ಬಿಡಿ’ ಎಂದ ಮಗು ಮೂರು ದೊಡ್ಡ ಕಟ್ಟುಗಳನ್ನು ಮನಸ್ಸಿನೊಳಗೇ ಬಿಚ್ಚಿ ನೋಡಿದೆ. ಅದನ್ನು ಮುಂದಿನ ಲೆಕ್ಕಕ್ಕೆ ಧೈರ್ಯವಾಗಿ ಕಳಿಸಿಕೊಡಿ.